ಉಣ್ಣೆಕೋಟಿನ ಮಣಿಪಟ್ಟಿ

ರೇಡಿಯೋದಲ್ಲಿ ಪದ್ಯ ಓದುವವರು ದನಿಯನ್ನು ಮೆಲ್ಲಗೆ ಮೇಲಕ್ಕೆತ್ತಿದ್ದರು. ಇನ್ನೇನು ರಾಜನ ಬಾಯಿಂದ ಶಾಪದ ಮಾತು ಹೊರಡಬೇಕು, ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತಮ್ಮಯ್ಯ ಕಣ್ಣು ತೆರೆಯಲಿಲ್ಲ. ತೆರೆಯದಿದ್ದರೆ ಬಂದವರು ಹೋದಾರು ಎಂಬ ಆಸೆ. ಅಕ್ಕನ ಜೊತೆ ಒಂದೇ ಮನೆಯಲ್ಲಿ ಇರಲು ಬಂದ ಮೇಲೆ ಅವನು ಒಂದೇ ಒಂದು ಪದ್ಯವನ್ನೂ ಕೊನೆಮುಟ್ಟ ಕೇಳಿದ್ದಿಲ್ಲ.

"ತಮ್ಮಯ್ಯಾ, ಬಾಗಿಲು!" ಅಕ್ಕ ಒಳಗಿನಿಂದ ಕೂಗಿದಳು. "ಕಿವಿ ಕೇಳಿಸಲ್ವಾ?"

ಕೇಳಿಸುವುದೇ ತನ್ನ ತೊಂದರೆ ಎಂದು ಗೊಣಗಿಕೊಂಡು ಅವನು ಎದ್ದ.

ಅಕ್ಕ ವಿಮೆ ಕಂಪನಿಯಲ್ಲಿ ನಷ್ಟ ಅಳೆಯುವ ಕೆಲಸದಲ್ಲಿದ್ದವಳು. ಸುಟ್ಟ ಗೋದಾಮು, ಒಡೆದ ಗಾಜು, ನೀರು ಕುಡಿದ ಸರಕು, ಇವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಒಡೆದ ಸಾಮಾನು ಸುಳ್ಳು ಹೇಳಲ್ಲ, ಒಡೆದವರು ಹೇಳ್ತಾರೆ" ಎನ್ನುತ್ತಾ ತಲೆ ನರೆಸಿಕೊಂಡವಳು. ಕಂಪನಿ ಅವಳಿಗೆ ಹಾರ ಹಾಕಿ ಮನೆಗೆ ಕಳಿಸಿತು. ಬೀದಿ ಮಾತ್ರ ಬಿಡಲಿಲ್ಲ. ಬೀಗದ ಕೈ ಕಳೆದರೆ, ಬೆಕ್ಕು ಕಾಣದಿದ್ದರೆ, ಅಳಿಯ ಹೇಳಿದ ಹೊತ್ತಿಗೆ ಬರದಿದ್ದರೆ ಜನ ಮೆಟ್ಟಿಲು ಹತ್ತಿ ಬರುತ್ತಿದ್ದುದು ವಿಮೆ ಅಕ್ಕನ ಮನೆಗೇ. ಅವಳು ಅವನನ್ನು ತಮ್ಮಯ್ಯಾ ಎಂದು ಕರೆಯುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಅವನು ತಮ್ಮಯ್ಯನೇ ಆಗಿದ್ದ.

ಬಾಗಿಲಲ್ಲಿ ಕೆಳಮನೆಯ ಸೊಸೆ ನಿಂತಿದ್ದಳು. ತಲೆಯ ಮೇಲೆ ಶಾಲು, ಕೈಯಲ್ಲಿ ಸೂಟ್‌ಕೇಸು. ಕಣ್ಣು ಕೆಂಪಾಗಿತ್ತು, ಅತ್ತು ಆದದ್ದಲ್ಲ, ಅಳುವುದಿಲ್ಲ ಎಂದು ಹಟ ಹಿಡಿದು ಆದದ್ದು.

"ವಿಮೆ ಅಕ್ಕ, ನಾನು ಹೊರಟೆ," ಎಂದಳು. "ಇನ್ಮೇಲೆ ಈ ಮನೇಲಿ ಸೂಜಿ ಮುಟ್ಟಬೇಡ, ನಿಮ್ಮಮ್ಮನ ಮನೆಗೆ ಹೋಗು ಅಂದ್ರು ಅತ್ತೆ. ಹೋಗ್ತೀನಿ. ಆದ್ರೆ ನಾನು ಮಾಡಿಲ್ಲ ಅಂತ ಒಬ್ಬರಾದ್ರೂ ನಂಬಲಿ ಅಂತ ಹತ್ತಿ ಬಂದೆ."

"ನಂಬೋದೆಲ್ಲ ಆಮೇಲೆ," ಎಂದಳು ಅಕ್ಕ ಕೈ ಒರೆಸಿಕೊಳ್ಳುತ್ತಾ. "ಏನು ಹಾಳಾಯ್ತು, ಅದನ್ನ ಹೇಳು."

ಹಾಳಾದದ್ದು ಮಣಿಪಟ್ಟಿ. ಕೆಳಮನೆಯವರ ಕಸುಬು ಚಳಿಗಾಲದ ಉಡುಪಿಗೆ ಮಣಿಯ ಒಡವೆ ಮಾಡುವುದು: ಶಾಲಿಗೆ ಪಿನ್ನು, ಸ್ವೆಟರಿನ ಎರಡು ಅಂಚು ಹಿಡಿಯುವ ಸರಪಳಿ, ಮಫ್ಲರಿಗೆ ಉಂಗುರ, ಟೋಪಿಗೆ ಪಟ್ಟಿ. ಎಲ್ಲ ಕೈಕೆಲಸ. ಆ ಚಳಿಗಾಲಕ್ಕೆಂದು ಸೊಸೆ ಒಂದು ಹೊಸ ವಸ್ತು ನೇಯ್ದಿದ್ದಳು. ಉಣ್ಣೆಕೋಟಿನ ಕಾಲರಿನ ಮೇಲೆ ಕೂರುವ, ಬೇಕೆಂದಾಗ ಬಿಚ್ಚಿಡಬಹುದಾದ ಅಗಲವಾದ ಪಟ್ಟಿ. ಅಳತೆ ಕಾಲರಿನ ಕಾಗದದ ಮಾದರಿಯದು. ಕಪ್ಪು, ಬೂದಿ, ದ್ರಾಕ್ಷಿ ಬಣ್ಣದ ಸಾಸಿವೆಕಾಳಿನಂಥ ಗಾಜಿನ ಮಣಿ. ಎರಡು ತುದಿಗೂ ಹಿತ್ತಾಳೆಯ ಕೊಂಡಿ. ಕೋಟಿನ ದೊಡ್ಡ ಅಂಗಡಿಯವರು ಅದನ್ನು ನೋಡಲು ಅಂದೇ ಮಧ್ಯಾಹ್ನ ಬರುವವರಿದ್ದರು.

"ನೆನ್ನೆ ಅತ್ತೆಗೂ ನನಗೂ ಮಾತಿಗೆ ಮಾತು ಬೆಳೀತು," ಎಂದಳು ಸೊಸೆ. "ಇದು ಯಾರ ಕೈಕೆಲಸ ಅಂತ ಅಂಗಡಿಯವರಿಗೆ ಹೇಳ್ತೀರಾ ಅಂದೆ. ಮನೆ ಕೆಲಸ ಅಂತ ಹೇಳಿದ್ರೆ ಸಾಲ್ದಾ ಅಂದ್ರು. ನಂಗೂ ತಲೆ ಕೆಟ್ಟಿತ್ತು. ಹಾಗಾದ್ರೆ ಕತ್ತರಿ ಹಾಕ್ಬಿಡ್ತೀನಿ ಅಂದೆ. ಎಲ್ಲರ ಎದುರಿಗೇ ಅಂದೆ. ಬೆಳಿಗ್ಗೆ ನೋಡಿದ್ರೆ ನೆಲದ ತುಂಬ ಮಣಿ, ಪಕ್ಕದಲ್ಲಿ ನನ್ನ ಕತ್ತರಿ."

"ಬಾಯಿ ಅನ್ನೋದು ಇದೆಯಲ್ಲ," ಎಂದಳು ಅಕ್ಕ ಚಪ್ಪಲಿ ಹುಡುಕುತ್ತಾ, "ಅದು ಕತ್ತರಿಗಿಂತ ಹೆಚ್ಚು ಕೆಲಸ ಮಾಡುತ್ತೆ. ತಮ್ಮಯ್ಯಾ, ಟಾರ್ಚು, ಅಳತೆ ಟೇಪು. ಅದನ್ನ ಆರಿಸು."

ಶಾಪದ ಮಾತು ಏನಾಗಿತ್ತೋ ದೇವರಿಗೇ ಗೊತ್ತು. ತಮ್ಮಯ್ಯ ರೇಡಿಯೋ ಆರಿಸಿದ.

ಕೆಳಗೆ ಕೆಲಸದ ಕೋಣೆಯ ಬಾಗಿಲಲ್ಲಿ ಮನೆಯ ಯಜಮಾನಿ, ಸೊಸೆಯ ಅತ್ತೆ, ಕಾವಲು ನಿಂತಿದ್ದರು. ಮಿಕ್ಕ ಕೆಲಸದವರಿಗೆ ಅಂದು ರಜೆ. ಯಜಮಾನಿಯ ಮಗ ಗೋಡೆಗೊರಗಿ, ಅಮ್ಮನ ಕಡೆ ಒಂದು ಸಲ, ಹೆಂಡತಿಯ ಕಡೆ ಒಂದು ಸಲ ನೋಡುತ್ತಾ ಬೆವರುತ್ತಿದ್ದ, ಆ ಚಳಿಯಲ್ಲಿ. ಅಡುಗೆಮನೆಯಿಂದ ಯಜಮಾನಿಯ ತಂಗಿ, ಎಲ್ಲರ ಚಿಕ್ಕಮ್ಮ, ಸೌಟು ಹಿಡಿದೇ ಬಂದಿದ್ದರು.

"ಯಾರೂ ಒಳಗೆ ಕಾಲಿಡಕೂಡದು," ಎಂದರು ಯಜಮಾನಿ. "ಮಣಿ ಚೆಲ್ಲಿದ್ರೆ ನಿಂತಲ್ಲೇ ನಿಲ್ಲಬೇಕು. ತುಳಿದ್ರೆ ಪುಡಿಯಾಗುತ್ತೆ. ಈ ಮನೆ ಕಟ್ಟಳೆ ಅದು."

"ನೀವೂ ಒಳಗೆ ಹೋಗಿಲ್ವಾ?" ಎಂದಳು ಅಕ್ಕ.

"ಹೊಸ್ತಿಲಲ್ಲೇ ನಿಂತು ನೋಡ್ದೆ. ಸಾಕಾಯ್ತು. ಹೊಟ್ಟೆ ಉರೀತು."

"ಕನ್ನಡಕ ಹಾಕ್ಕೊಂಡು ನೋಡಿದ್ರಾ?"

"ಕೋಪ ಬಂದಾಗ ಕನ್ನಡಕ ಯಾರ್ರೀ ಹುಡುಕ್ತಾರೆ?"

ಅಕ್ಕ ತಮ್ಮಯ್ಯನ ಕಡೆ ತಿರುಗಿದಳು. ಮುಂದೇನು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಬೆಕ್ಕಿಗಾಗಿ ಮಂಚದಡಿ, ಉಂಗುರಕ್ಕಾಗಿ ಚರಂಡಿಯೊಳಗೆ, ಈಗ ಮಣಿಗಾಗಿ ನೆಲದ ಮೇಲೆ. "ಮಂಡಿ ನೋವು," ಎಂದು ಅವನು ಮೊದಲೇ ಹೇಳಿ ನೋಡಿದ.

"ಮಂಡಿ ಮೇಲಲ್ಲ, ಹೊಟ್ಟೆ ಮೇಲೆ ಹೋಗು. ಬೆರಳು ಒದ್ದೆ ಮಾಡ್ಕೊಂಡು ಒಂದೊಂದೇ ಮಣಿ ಎತ್ತಿ ದಾರಿ ಮಾಡು. ನೋಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳು. ಕಾವ್ಯ ಬೇಡ."

ತಮ್ಮಯ್ಯ ನೆಲಕ್ಕೆ ಇಳಿದ. ಸಿಮೆಂಟು ನೆಲ ಮಂಜಿನ ಹಾಗೆ ಕೊರೆಯುತ್ತಿತ್ತು. "ಮಣಿ ಬಿಡಿಬಿಡಿಯಾಗಿ ಬಿದ್ದಿವೆ, ಸಾಸಿವೆ ಚೆಲ್ಲಿದ ಹಾಗೆ," ಎಂದ. "ಮೂರೂ ಬಣ್ಣ ಇದೆ. ಒಂದಕ್ಕೊಂದು ಅಂಟಿದ್ದು ಯಾವುದೂ ಇಲ್ಲ. ಈ ಬಾಗಿಲ ಹತ್ತಿರ ಅಲ್ಲೊಂದು ಇಲ್ಲೊಂದು. ಆ ಕಡೆ ಬಾಗಿಲ ಹತ್ತಿರ ದಟ್ಟವಾಗಿದೆ, ಬೀಸಣಿಗೆ ಹಿಡಿಯ ಹಾಗೆ."

ಆ ಕಡೆಯ ಬಾಗಿಲು ಹಿಂದಿನ ಹೊಲಿಗೆಕೋಣೆಗೆ ಹೋಗುವುದು. ಅಲ್ಲಿ ಈ ಮನೆಗೆಂದೇ ಕೋಟು ಹೊಲಿಯುವ ದರ್ಜಿ ಹೊಸ್ತಿಲ ಮೇಲೆ ನಿಂತು ನಾಲಿಗೆ ಲೊಚಗುಟ್ಟುತ್ತಿದ್ದ.

"ಮೇಜಿನ ಮೇಲೆ?" ಎಂದಳು ಅಕ್ಕ.

"ಉಣ್ಣೆ ಹಾಸು. ಚೊಕ್ಕಟವಾಗಿದೆ. ಒಂದು ಧೂಳಿನ ಕಣವೂ ಇಲ್ಲ. ನಮ್ಮನೆ ಹೊದಿಕೆ ಹೀಗಿದ್ದಿದ್ರೆ—"

"ಹೊದಿಕೆ ವಿಷಯ ಮನೇಲಿ ಮಾತಾಡೋಣ. ಕೊಂಡಿ?"

"ಕೊಂಡಿ ಕಾಣ್ತಿಲ್ಲ."

"ಮೇಜಿನ ಕೆಳಗೆ ನೋಡು."

"ಕೆಳಗೇ ಇದೀನಿ ತಾಯಿ! ಇನ್ನೂ ಕೆಳಗೆ ಹೋಗ್ಬೇಕಾದ್ರೆ ಅಗೀಬೇಕು."

ಅವನು ಎತ್ತಿಕೊಟ್ಟ ಮಣಿಗಳನ್ನು ಅಕ್ಕ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಸೊಸೆಯಿಂದ ಒಂದು ಸೂಜಿ ಕೇಳಿ, ಮಣಿಯ ತೂತಿನಲ್ಲಿ ತೂರಿಸಿ ತೆಗೆದು, ಸೂಜಿಯನ್ನು ಉಗುರಿಗೆ ಉಜ್ಜಿದಳು. ಹಲವು ಮಣಿಗಳಿಗೆ ಹೀಗೇ ಮಾಡಿದಳು. "ನೀನು ನೂಲಿಗೆ ಮೇಣ ಹಚ್ತೀಯಲ್ಲವಾ?"

"ಜೇನುಮೇಣ. ಹಚ್ಚದಿದ್ರೆ ಗಾಜಿನ ಅಂಚಿಗೆ ನೂಲು ಸವೆದು ಹೋಗುತ್ತೆ," ಎಂದಳು ಸೊಸೆ.

ಅಕ್ಕ ಹೂಂ ಎಂದಳಷ್ಟೆ. ಈ ಹೂಂ ಎಂದರೆ ತಮ್ಮಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಗೊತ್ತಾದದ್ದನ್ನು ಹೇಳಿಬಿಟ್ಟರೆ ಇವಳ ಗಂಟೇನು ಹೋಗುತ್ತದೆ?

ಮಣಿ ಎತ್ತಿದ ದಾರಿಯಲ್ಲೇ ಕಾಲಿಡುತ್ತಾ ಅಕ್ಕ ಹೊಲಿಗೆಕೋಣೆಗೆ ದಾಟಿದಳು. ತಮ್ಮಯ್ಯ ಬೆನ್ನು ಹಿಡಿದುಕೊಂಡು ಹಿಂದೆ ಹೋದ. ಕೋಣೆಯಲ್ಲಿ ಒದ್ದೆ ಉಣ್ಣೆಯ ವಾಸನೆ. ಮರದ ಬೊಂಬೆಗೆ ತೊಡಿಸಿದ್ದ, ಪಟ್ಟಿ ಕೂರಬೇಕಿದ್ದ ಕೋಟು ಇಸ್ತ್ರಿಯಾಗಿ ಗಡುಸಾಗಿ ನಿಂತಿತ್ತು. ಗೋಡೆಯ ಮೊಳೆಗೆ ಅದರ ಕಾಗದದ ಮಾದರಿಗಳು. ಇಸ್ತ್ರಿಮಣೆಯ ಮೇಲೆ, ಕೋಟಿನ ಹೆಗಲು ಇಟ್ಟು ಒತ್ತುವ, ಮರದ ಹೊಟ್ಟು ತುಂಬಿದ ಗುಂಡನೆಯ ದಿಂಬು.

"ಆದದ್ದು ಆಗಿಹೋಯ್ತು ಬಿಡಿ," ಎಂದ ದರ್ಜಿ. "ಚಿಕ್ಕ ಹುಡುಗಿ, ಸಿಟ್ಟಲ್ಲಿ ಮಾಡಿದ್ದಾಳೆ. ಅದಕ್ಕೆ ಸೂಟ್‌ಕೇಸು ಯಾಕೆ? ನಾಕು ಮಾತು ಬೈದು ಬಿಟ್ರಾಯ್ತು. ಇವತ್ತು ಅಂಗಡಿಯವರಿಗೆ ಬರೀ ಕೋಟು ತೋರಿಸಿ. ಪಟ್ಟಿ ಇನ್ನೊಂದು ಮಾಡಿಸೋಣ. ಅಳತೆ ಕೋಟಿನ ಮೇಲಿಂದ ನಾನೇ ತೆಗೆದುಕೊಡ್ತೀನಿ."

"ಒಳ್ಳೇ ಮನಸ್ಸು ನಿಮ್ಮದು," ಎಂದಳು ಅಕ್ಕ. "ಸ್ವಲ್ಪ ಆ ಮಣೆ ಖಾಲಿ ಮಾಡಿ ಕೊಡಿ, ಒರಗ್ತೀನಿ. ಸೊಂಟ ಹಿಡ್ಕೊಂಡಿದೆ."

ನೆಲದ ಮೇಲೆ ಹೊರಳಿದ್ದು ತಾನು, ಸೊಂಟ ಹಿಡಿದಿದ್ದು ಇವಳಿಗೆ! ದರ್ಜಿ ದಿಂಬನ್ನು ಎತ್ತಿ ಪಕ್ಕದ ಸ್ಟೂಲಿನ ಮೇಲಿಟ್ಟ. ತಮ್ಮಯ್ಯನ ಕಿವಿಗೆ ಸಣ್ಣದೊಂದು ಸದ್ದು ಬಿತ್ತು. ಒಣ ಎಲೆಯ ಮೇಲೆ ತುಂತುರು ಬಿದ್ದಂತೆ. ಚಿಕ್ಕಂದಿನಿಂದ ಪದ್ಯ ಕೇಳಿ ಬೆಳೆದವನು ಅವನು. ಓದುವವರು ಒಂದು ಅಕ್ಷರ ನುಂಗಿದರೂ ಅವನ ತಲೆ ತಾನಾಗಿ ಮೇಲೇಳುತ್ತಿತ್ತು. ಈಗಲೂ ಎದ್ದಿತು. ಹೊಟ್ಟು ಹಾಗೆ ಸದ್ದು ಮಾಡುವುದಿಲ್ಲ.

"ಅಕ್ಕ, ಅದು—"

"ಸುಮ್ನಿರು. ಟೇಪು ಹಿಡಿ."

ಅವನು ಹಲ್ಲು ಕಚ್ಚಿ ಟೇಪು ಹಿಡಿದ. ಅಕ್ಕ ಮೊಳೆಯಿಂದ ಕಾಲರಿನ ಮಾದರಿ ಕಾಗದ ತೆಗೆದು ಕೋಟಿನ ಕಾಲರಿನ ಮೇಲಿಟ್ಟು ಅಳೆದಳು. ಮತ್ತೊಂದು ಹೂಂ. ದರ್ಜಿ ಕೆಮ್ಮಿದ. ಹೊರಗೆ ಬರುವಾಗ ತಮ್ಮಯ್ಯ ಅವಳ ತೋಳು ಹಿಡಿದು ನಿಲ್ಲಿಸಿ, ಕೇಳಿಸಿದ ಸದ್ದನ್ನು ಕಿವಿಯಲ್ಲಿ ಹೇಳಿಯೇಬಿಟ್ಟ.

ಅಕ್ಕ ಅವನ ಮುಖವನ್ನೇ ನೋಡಿದಳು. "ಇದನ್ನ ಆಗಲೇ ಹೇಳ್ಬಾರದಿತ್ತಾ?"

ತಮ್ಮಯ್ಯ ಮನಸ್ಸಿನಲ್ಲೇ ದೇವರನ್ನು ನೆನೆದ. ಸಹನೆ ಕೊಡು ತಂದೆ, ಸ್ವಲ್ಪ ಜಾಸ್ತಿಯೇ ಕೊಡು.

ಅಕ್ಕ ಎಲ್ಲರನ್ನೂ ಕೆಲಸದ ಕೋಣೆಗೆ ಕರೆದಳು. ಮಣಿ ಇನ್ನೂ ನೆಲದ ಮೇಲಿದ್ದುದರಿಂದ ಯಜಮಾನಿ, ಮಗ, ಚಿಕ್ಕಮ್ಮ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತರು. ದರ್ಜಿ ತನ್ನ ಹೊಸ್ತಿಲಲ್ಲಿ. ಸೊಸೆ ಮಾತ್ರ ಬಾಗಿಲಾಚೆಯೇ ನಿಂತಳು, ಸೂಟ್‌ಕೇಸು ಕೆಳಗಿಡದೆ.

"ನೀರು ಕಾಯ್ತಾ ಇದೆ, ಬೇಗ ಮುಗಿಸಿ," ಎಂದರು ಚಿಕ್ಕಮ್ಮ.

"ಬೇಗ ಮುಗೀಬೇಕಾದ್ರೆ ಯಾರೂ ನಡುವೆ ಬಾಯಿ ಹಾಕಬಾರದು," ಎಂದಳು ಅಕ್ಕ. "ಯಜಮಾನಿ, ಈಗ ಕನ್ನಡಕ ಹಾಕ್ಕೊಳ್ಳಿ. ಕೆಳಗೆ ನೋಡಿ. ಏನು ಕಾಣುತ್ತೆ?"

"ಮಣಿ ಕಾಣುತ್ತೆ. ಇನ್ನೇನು ಕಾಣುತ್ತೆ?"

"ಅದೇ ನಾನೂ ಕೇಳೋದು. ಬರೀ ಮಣಿ ಯಾಕೆ ಕಾಣುತ್ತೆ? ಪೋಣಿಸಿದ ಸರ ಆದ್ರೆ ಒಂದು ಕಡೆ ಕತ್ತರಿಸಿದ್ರೆ ಎಲ್ಲಾ ಉದುರುತ್ತೆ. ಇದು ಪೋಣಿಸಿದ್ದಲ್ಲ, ನೇಯ್ದದ್ದು. ಒಂದೊಂದು ಮಣಿಯಲ್ಲೂ ನೂಲು ಹೋಗಿ, ಬಂದು, ಮತ್ತೆ ಹೋಗಿದೆ. ಇಂಥದಕ್ಕೆ ಕತ್ತರಿ ಹಾಕಿದ್ರೆ ಏನಾಗುತ್ತೆ?"

ಯಜಮಾನಿ ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತುಂಡಾಗುತ್ತೆ," ಎಂದರು ಮೆಲ್ಲಗೆ. "ರೊಟ್ಟಿ ಮುರಿದ ಹಾಗೆ. ತುಂಡು ತುಂಡೇ ಉಳಿಯುತ್ತೆ. ಉದುರಲ್ಲ."

"ಇಲ್ಲಿ ಒಂದು ತುಂಡೂ ಇಲ್ಲ, ಒಂದು ಎಳೆ ನೂಲೂ ಇಲ್ಲ, ಎರಡು ಕೊಂಡಿಯೂ ಇಲ್ಲ. ಮೇಣ ಹಚ್ಚಿದ ನೂಲು ಹಾದುಹೋಗಿದ್ರೆ ತೂತಿನಲ್ಲಿ ಮೇಣ ಇರಬೇಕು. ನನ್ನ ಸೂಜಿಗೆ ಏನೂ ಅಂಟಲಿಲ್ಲ. ಮೇಜಿನ ಮೇಲೆ ಉಣ್ಣೆ ಹಾಸು ಹಾಕೋದೇ ಮಣಿ ಉರುಳದೆ ಇರಲಿ ಅಂತ. ಅಲ್ಲಿ ಕೂತು ಕತ್ತರಿಸಿದ್ರೆ ಅರ್ಧ ಮಣಿ ಹಾಸಿನಲ್ಲೇ ಸಿಕ್ಕಿಕೊಂಡಿರಬೇಕಿತ್ತು. ಒಂದೂ ಇಲ್ಲ. ಇವು ಪಟ್ಟಿಯ ಮಣಿಯೇ ಅಲ್ಲ. ಡಬ್ಬಿಯಿಂದ ಸುರಿದದ್ದು. ಪಟ್ಟಿ ಎಲ್ಲೋ ಇಡಿಯಾಗಿಯೇ ಇದೆ."

ಸೊಸೆ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದಳು. ಕಣ್ಣು ಮಣಿ ತುಂಬಿದ ಗಾಜಿನ ಡಬ್ಬಿಗಳ ಕಪಾಟಿನ ಮೇಲೆ ಹೋಯಿತು. "ದ್ರಾಕ್ಷಿ ಬಣ್ಣದ ಡಬ್ಬಿ ನೆನ್ನೆ ತಾನೇ ಕತ್ತಿನವರೆಗೂ ತುಂಬಿಸಿದ್ದೆ! ಅರ್ಧ ಆಗಿದೆ."

"ಆಗಿರಲೇಬೇಕು. ನೇಯೋದು ಗೊತ್ತಿರೋರು ಯಾರೂ ಹೀಗೆ ನಾಟಕ ಆಡಲ್ಲ. ಈ ಹುಡುಗಿ ಸಿಟ್ಟಲ್ಲೂ ಹೀಗೆ ಮಾಡ್ತಿರಲಿಲ್ಲ. ಕತ್ತರಿ ಹಾಕ್ತೀನಿ ಅನ್ನೋ ಮಾತನ್ನ ಕೇಳಿಸ್ಕೊಂಡು, ಕತ್ತರಿಸಿದ್ರೆ ಸರದ ಹಾಗೆ ಚೆಲ್ಲುತ್ತೆ ಅಂತ ಊಹೆ ಮಾಡಿದವರ ಕೆಲಸ ಇದು. ನೇಯೋದು ಬರದೆ ಇರೋರು ಈ ಮನೇಲಿ ಯಾರು? ಮಗ. ಚಿಕ್ಕಮ್ಮ. ದರ್ಜಿ."

"ನಾನಾ?" ಎಂದು ಚಿಕ್ಕಮ್ಮ ಸೌಟು ಎತ್ತಿದರು. "ನನಗೆ ಆ ಮಣಿ ಕಣ್ಣಿಗೇ ಕಾಣಲ್ಲ, ಅಕ್ಕಿಯಲ್ಲಿ ಕಲ್ಲು ಕಂಡ್ರೆ ಸಾಕಾಗಿದೆ!"

"ಬಾಯಿ ಹಾಕಬಾರದು ಅಂದೆ. ಚೆಲ್ಲಿದವರು ಹೊರಗೆ ಹೋಗುವಾಗ ತುಳೀಬಾರದು, ತುಳಿದ್ರೆ ಸದ್ದಾಗುತ್ತೆ. ಅದಕ್ಕೆ ಬಾಗಿಲಲ್ಲಿ ನಿಂತು ಒಳಗಡೆಗೆ ಎರಚಿದ್ದಾರೆ. ಮಣಿ ದಟ್ಟವಾಗಿರೋದು ಹೊಲಿಗೆಕೋಣೆ ಬಾಗಿಲಲ್ಲಿ."

"ಆ ಬಾಗಿಲಲ್ಲಿ ಯಾರು ಬೇಕಾದ್ರೂ ನಿಲ್ಲಬಹುದು," ಎಂದ ದರ್ಜಿ. ದನಿ ಒಣಗಿತ್ತು.

"ನಿಜ. ಅದಕ್ಕೇ ನಾನು ಬೇರೆ ಪ್ರಶ್ನೆ ಕೇಳ್ಕೊಂಡೆ. ಪಟ್ಟಿ ಹಾಳಾಯ್ತು ಅಂತ ಆದ್ರೆ ಯಾರಿಗೆ ನೆಮ್ಮದಿ? ಹಾಳಾದ್ರೆ ಹೊಸದು ಮಾಡ್ಬೇಕು. ಹೊಸದಕ್ಕೆ ಅಳತೆ ಎಲ್ಲಿಂದ? ಹಳೇ ಪಟ್ಟಿ ನೇಯ್ದದ್ದು ಕಾಗದದ ಮಾದರಿ ಇಟ್ಕೊಂಡು. ನೀವು ಈಗ ಏನಂದ್ರಿ? ಕೋಟಿನ ಮೇಲಿಂದ ತೆಗೆದುಕೊಡ್ತೀನಿ ಅಂದ್ರಿ. ಕಾಗದ ಮೊಳೆಯಲ್ಲೇ ನೇತಾಡ್ತಿರುವಾಗ ಕೋಟು ಯಾಕೆ? ಅಳೆದು ನೋಡ್ದೆ. ಕಾಲರು ಕಾಗದಕ್ಕಿಂತ ಎರಡು ಬೆರಳು ಚಿಕ್ಕದು."

ಯಜಮಾನಿ ದರ್ಜಿಯ ಕಡೆ ತಿರುಗಿದರು. "ಉಣ್ಣೆಬಟ್ಟೆ ನೀರಿಗೆ ಹಾಕದೇ ಕತ್ತರಿಸಿದ್ರಾ?"

ದರ್ಜಿ ಹಿಂದಿದ್ದ ಕೋಟಿನ ಕಡೆ ತಿರುಗಿ ನೋಡಿದ. ಹೊಸ ಉಣ್ಣೆಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಬೇಕು. ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿದ ಮೇಲೆಯೇ ಕತ್ತರಿ. ಇದು ಆ ಕಸುಬಿನ ಮೊದಲ ಪಾಠ. ಆಚೀಚೆ ಯಾವ ದರ್ಜಿ ಮರೆತರೂ ತಾನು ಮರೆಯುವವನಲ್ಲ ಎಂದು ಅವನು ಕೊಚ್ಚಿಕೊಂಡದ್ದನ್ನು ಅಲ್ಲಿದ್ದ ಎಲ್ಲರೂ ಕೇಳಿ ಕೇಳಿ ಬೇಸತ್ತವರೇ.

"ಕೊನೆ ಇಸ್ತ್ರಿಗೆ ಆವಿ ಹಿಡಿದಾಗ ಕಾಲರು ಕುಗ್ಗಿತು," ಎಂದಳು ಅಕ್ಕ. "ಬಟ್ಟೆ ಕುಗ್ಗುತ್ತೆ, ಗಾಜು ಕುಗ್ಗಲ್ಲ. ಪಟ್ಟಿ ಇಟ್ಟು ನೋಡಿದ್ರೆ ಸುಕ್ಕು. ಮಧ್ಯಾಹ್ನ ಎಲ್ಲರೆದುರು ಮರ್ಯಾದೆ ಹೋಗುತ್ತೆ. ಅಲ್ವಾ? ಇನ್ನು ಪಟ್ಟಿ ಎಲ್ಲಿ ಅಂತ ನಾನು ಹೇಳಲ್ಲ. ಅದನ್ನ ಕೇಳಿಸ್ಕೊಂಡವನು ನನ್ನ ತಮ್ಮ. ತಮ್ಮಯ್ಯಾ, ತೋರಿಸು."

ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ತಮ್ಮಯ್ಯನಿಗೆ ಕಿವಿ ಬಿಸಿಯಾಯಿತು. ಹೊಲಿಗೆಕೋಣೆಗೆ ಹೋಗಿ ಇಸ್ತ್ರಿದಿಂಬನ್ನು ತಂದು, ಎಲ್ಲರಿಗೂ ಕೇಳುವಂತೆ ಒಮ್ಮೆ ಅಲುಗಿಸಿದ. ತುಂತುರು ಬಿತ್ತು. ಒಂದು ಬದಿಯ ಹೊಲಿಗೆ ಹೊಸದು. ಸೊಸೆ ಸೂಟ್‌ಕೇಸನ್ನು ಕೆಳಗೆ ಹಾಕಿ ದಿಂಬನ್ನು ಕಿತ್ತುಕೊಂಡು ಹಲ್ಲಿನಿಂದಲೇ ಹೊಲಿಗೆ ಬಿಚ್ಚಿದಳು. ಮರದ ಹೊಟ್ಟಿನ ನಡುವಿನಿಂದ ಮಣಿಪಟ್ಟಿ ಇಡಿಯಾಗಿ ಜಾರಿ ಅವಳ ಕೈಗೆ ಬಂತು, ಕೊಂಡಿಗಳ ಸಮೇತ.

"ಕತ್ತರಿಸೋಕೆ ಮನಸ್ಸು ಬರಲಿಲ್ಲ," ಎಂದ ದರ್ಜಿ ಹೊಸ್ತಿಲ ಮೇಲೇ ಕುಸಿದು ಕೂತು. "ಅಷ್ಟು ಚೆನ್ನಾಗಿತ್ತು. ಮನೆ ಹುಡುಗಿ, ಬೈದು ಸುಮ್ನಾಗ್ತಾರೆ ಅಂದ್ಕೊಂಡೆ. ಸೂಟ್‌ಕೇಸು ನೋಡಿ ಎದೆ ಒಡೆದುಹೋಯ್ತು. ಆಗ ಹೇಳಬೇಕಿತ್ತು. ಬಾಯಿ ಬರಲಿಲ್ಲ."

"ನಿಮಗೆ ಬಾಯಿ ಬರಲಿಲ್ಲ, ಇವಳಿಗೆ ಬಾಯಿ ನಿಲ್ಲಲಿಲ್ಲ, ನನಗೆ ಕಣ್ಣು ಕಾಣಲಿಲ್ಲ!" ಎಂದು ಯಜಮಾನಿ ಹಣೆ ಚಚ್ಚಿಕೊಂಡರು. "ಎಂಥ ಮನೆಯಪ್ಪಾ ಇದು! ಉಳಿದ ಬಟ್ಟೆ ಇದೆಯೇನ್ರೀ?"

"ಇದೆ. ಇನ್ನೊಂದು ಕಾಲರಿಗೆ ಸಾಕು. ಅವರು ಬರೋದ್ರೊಳಗೆ ಹೊಲಿದು ಕೂರಿಸ್ತೀನಿ."

"ಮೊದಲು ನೀರಿಗೆ ಹಾಕಿ!" ಎಂದು ಎಲ್ಲರೂ ಒಂದೇ ಉಸಿರಿಗೆ ಕೂಗಿದರು. ಚಿಕ್ಕಮ್ಮ, ನೀರು ಹೇಗೂ ಕಾದಿದೆ, ಕೊಡಿ ಇಲ್ಲಿ ಎಂದು ಬಟ್ಟೆಯನ್ನೂ ದರ್ಜಿಯನ್ನೂ ಒಟ್ಟಿಗೇ ಅಡುಗೆಮನೆಗೆ ಎಳೆದೊಯ್ದರು. ಮಗ ಪೊರಕೆ ಹುಡುಕುವ ನೆಪದಲ್ಲಿ ಮಾಯವಾದ.

ಕೋಣೆಯಲ್ಲಿ ಅತ್ತೆ, ಸೊಸೆ ಉಳಿದರು. ಹೋಗೋಣವೇ ಎಂದು ತಮ್ಮಯ್ಯ ಸನ್ನೆ ಮಾಡಿದ. ಅಕ್ಕ ಕದಲಲಿಲ್ಲ, ನಷ್ಟ ಪೂರ್ತಿ ಅಳೆಯದೆ ಅವಳು ಎಲ್ಲಿಂದಲೂ ಎದ್ದವಳಲ್ಲ. ಸೊಸೆ ಪಟ್ಟಿಯ ಮೇಲಿನ ಹೊಟ್ಟನ್ನು ಊದುತ್ತಾ ನಿಂತೇ ಇದ್ದಳು. ದಿಂಬಿಗೆ ತುರುಕುವಾಗ ಒಂದು ಕೊಂಡಿ ಸಡಿಲವಾಗಿತ್ತು. ಅವಳು ಅದನ್ನು ನೋಡಿದಳು, ಕೂರುವ ಜಾಗವನ್ನು ನೋಡಿದಳು, ಕೂರಲಿಲ್ಲ.

ತಪ್ಪಾಯಿತು ಎನ್ನುವ ಮಾತು ಯಜಮಾನಿಯ ಬಾಯಿಗೆ ಹತ್ತಿರ ಬಂದು ಬಂದು ಹಿಂದೆ ಹೋಗುತ್ತಿದ್ದುದು ತಮ್ಮಯ್ಯನಿಗೆ ಕೇಳಿಸುವಂತೆಯೇ ಇತ್ತು. ಕೊನೆಗೆ ಅವರು ಮಾತು ಬಿಟ್ಟು ಸೂಜಿ ತೆಗೆದುಕೊಂಡರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತಡಕಾಡಿ, ನೂಲು ಪೋಣಿಸಿ, ಮೇಣ ಹಚ್ಚಿ, ಸೊಸೆಯ ಕಡೆ ಹಿಡಿದರು.

ಸೊಸೆ ತೆಗೆದುಕೊಳ್ಳಲಿಲ್ಲ. "ಅಂಗಡಿಯವರು ಯಾರ ಕೈಕೆಲಸ ಅಂತ ಕೇಳಿದ್ರೆ?"

"ಕೇಳಲಿ! ನಿನಗೆ ಬಾಯಿಲ್ವಾ? ಬೀದಿಗೆಲ್ಲ ಕೇಳೋ ಹಾಗಿದೆಯಲ್ಲ. ನೀನೇ ಎದುರಿಗೆ ಕೂತಿರ್ತೀಯ, ನೀನೇ ಹೇಳು."

ಸೊಸೆ ಸೂಜಿ ತೆಗೆದುಕೊಂಡು ನೂಲನ್ನು ಬೆಳಕಿಗೆ ಹಿಡಿದಳು. "ತುಂಬ ಉದ್ದ ಆಯ್ತು ಅತ್ತೆ. ಸಿಕ್ಕು ಬೀಳುತ್ತೆ."

"ಅಯ್ಯೋ ದೇವರೇ, ಅದರಲ್ಲೂ ತಪ್ಪಾ?" ಎಂದರು ಯಜಮಾನಿ. "ಮೊದ್ಲು ಕೂತ್ಕೊಳ್ಳೇ!"

ಅವಳು ಕೂತಳು.